ಹೂವಿನ ಪುಡಿ ಕೂಡಿಡುವ ಕಣಜ: ಹೊಸ ಹುಳಕ್ಕೆ ಹೆಸರು ಹೇಗೆ ಬರುತ್ತದೆ?

ಹೊಸ ಹುಳ ಒಂದನ್ನು ಕಂಡುಹಿಡಿದೆ ಅಂತ ಮೂರು ದಿನ ನಾನು ಬೀಗಿಕೊಂಡು ಓಡಾಡಿದೆ. ನಾಲ್ಕನೇ ದಿನ ಅದು ಹೊಸದಲ್ಲ, ಕಣಜವೂ ಅಲ್ಲ ಅಂತ ಗೊತ್ತಾಯಿತು. ಆದರೆ ಆ ನೆಪದಲ್ಲಿ ನಿಜವಾದ ಹೊಸ ಹುಳಗಳ ಸಂಗತಿ ತಿಳಿಯಿತು. ಅದನ್ನು ರೈತ ಬಂಧುಗಳಿಗೂ ತಿಳಿಸೋಣ ಅಂತ ಈ ಬರಹ. ನಾನು ಓದಿದ್ದು ಏಳನೇ ಕ್ಲಾಸು. ತಿಳಿದವರಿಂದ ಕೇಳಿ, ಓದಿಸಿಕೊಂಡು ಬರೆದಿದ್ದೇನೆ.

ನಾನು ಚಳ್ಳಕೆರೆ ತಾಲ್ಲೂಕಿನವನು. ಐದು ಎಕರೆ ಕೆಂಪು ಮಣ್ಣು, ಎಲ್ಲಾ ಮಳೆ ನಂಬಿದ ಜಮೀನು. ಶೇಂಗಾ, ಅದರ ನಡುವೆ ತೊಗರಿ ಸಾಲು, ಮಳೆ ತಡವಾದರೆ ಹುರುಳಿ. ಜಮೀನಿನ ತಗ್ಗಿನಲ್ಲಿ, ಊರ ಗೋಕಟ್ಟೆಗೆ ತಾಗಿದಂತೆ ಹತ್ತು ಗುಂಟೆ ಗಟ್ಟಿ ಜೇಡಿ ನೆಲ ಇದೆ. ನೇಗಿಲು ಇಳಿಯಲ್ಲ, ಹುಲ್ಲೂ ಸರಿಯಾಗಿ ಹುಟ್ಟಲ್ಲ. ಅಪ್ಪನ ಕಾಲದಿಂದಲೂ ಹಾಗೇ ಬಿದ್ದಿದೆ. 2023ರಲ್ಲಿ ಮಳೆ ಕೈಕೊಟ್ಟು ಗೋಕಟ್ಟೆಯ ನೀರು ತಳ ಮುಟ್ಟಿತು. ಅದರ ಹೂಳು ತೆಗೆದು ಈ ಜೇಡಿ ನೆಲದ ಮೇಲೆ ಒಂದಡಿ ಹರಡಿದರೆ ಹತ್ತು ಗುಂಟೆ ಸಾಗುವಳಿಗೆ ಬರುತ್ತದೆ ಅಂತ ಲೆಕ್ಕ ಹಾಕಿದೆ. ದೀಪಾವಳಿ ಕಳೆದ ಮೇಲೆ ಜೆಸಿಬಿಯವನಿಗೆ ಮುಂದಿನ ಸೋಮವಾರ ಬಾ ಅಂತ ಹೇಳಿ ಮುಂಗಡವನ್ನೂ ಕೊಟ್ಟೆ.

ಮುಂಗಡ ಕೊಟ್ಟ ಮಾರನೇ ದಿನ ಜಾಗ ಅಳೆಯೋಕೆ ಹೋದಾಗ ನೋಡಿದ್ದು: ಜೇಡಿ ದಂಡೆಯ ಓರೆಯಲ್ಲಿ ಪೆನ್ಸಿಲ್ ತೂರುವಷ್ಟು ತೂತುಗಳು, ಒಂದಲ್ಲ ಎರಡಲ್ಲ, ಅರವತ್ತಕ್ಕೂ ಮೇಲೆ. ಕಪ್ಪು ಮೈಯ, ಹೊಟ್ಟೆ ಮೇಲೆ ತಿಳಿ ನೀಲಿ ಪಟ್ಟೆ ಇರುವ ಹುಳಗಳು ಜುಂಯ್ ಅಂತ ಬಂದು ತೂತಿಗೆ ಇಳಿಯುತ್ತಿದ್ದವು. ಮಣ್ಣಿನಲ್ಲಿ ಗೂಡು ಮಾಡೋದು ಕಣಜ ತಾನೇ? ಪೇಪರಿನಲ್ಲಿ ಆಗಾಗ ‘ಹೊಸ ಪ್ರಭೇದ ಪತ್ತೆ’ ಅಂತ ಬರುತ್ತದಲ್ಲ, ಇದೂ ಅಂಥದ್ದೇ ಇರಬೇಕು ಅಂತ ಒಂದನ್ನು ಟವಲಿನಲ್ಲಿ ಹಿಡಿದು ಸುಣ್ಣದ ಡಬ್ಬಿಗೆ ಹಾಕಿದೆ.

ನಮ್ಮ ಅಕ್ಕನ ಮಗಳು ಕೃಷಿ ಕಾಲೇಜಿನಲ್ಲಿ ಕೀಟಗಳ ವಿಷಯವನ್ನೇ ಓದುತ್ತಿದ್ದಾಳೆ. ಆ ಶನಿವಾರ ಊರಿಗೆ ಬಂದಳು. ಡಬ್ಬಿ ತೆಗೆದು ಕೊಟ್ಟೆ. ಒಣಗಿದ ಸುಣ್ಣ ಮೆತ್ತಿಕೊಂಡು ಒಂದು ರೆಕ್ಕೆ ಮುರಿದಿತ್ತು. ಅವಳು ಭೂತಗನ್ನಡಿ ಹಿಡಿದು ಒಂದು ನಿಮಿಷವೂ ನೋಡಲಿಲ್ಲ.

“ಮಾವ, ಇದು ಕಣಜ ಅಲ್ಲ. ಒಂಟಿ ಜೇನು. ನೀಲಿ ಪಟ್ಟೆ ಜೇನು ಅಂತಾರೆ. ಎಲ್ಲಾ ಕಡೆ ಇರೋದೇ.”

“ಹೆಂಗೆ ಹೇಳ್ತಿ?”

“ಹಿಂಗಾಲು ನೋಡು. ಒತ್ತಾಗಿ ಕೂದಲು, ಅದರಲ್ಲಿ ಹೂವಿನ ಪುಡಿ ಸಿಕ್ಕಿಕೊಂಡಿದೆ. ಜೇನು ಪುಡಿಯನ್ನ ಮೈಮೇಲೆ ಹೊತ್ತು ತರುತ್ತೆ. ಪುಡಿ ತರೋ ಕಣಜ ಬೇರೆ ಇದೆ. ಅದು ಹೊಟ್ಟೇಲಿ ನುಂಗಿಕೊಂಡು ತರುತ್ತೆ.”

ಪುಡಿ ತರೋ ಕಣಜವೇ? ನಾನು ನಗಾಡಿದೆ. ಕಣಜ ಅಂದರೆ ಹುಳ ಹಿಡಿದು ತಿನ್ನೋದು. ಹಾಗಂತ ನಾನು ತಿಳಿದಿದ್ದೆ. ಅವತ್ತು ರಾತ್ರಿ ಊಟ ಆದಮೇಲೆ ಅವಳು ಕೂತು ಹೇಳಿದ್ದನ್ನು, ಆಮೇಲೆ ಕಾಗದಗಳನ್ನು ತಂದು ಕನ್ನಡದಲ್ಲಿ ಓದಿ ತಿಳಿಸಿದ್ದನ್ನು ಮುಂದೆ ಬರೆಯುತ್ತೇನೆ.

ಬಾಡೂಟ ಬಿಟ್ಟ ಕಣಜ

ನಮ್ಮ ಮನೆ ಗೋಡೆಗೆ, ತೊಲೆಗೆ ಚಿಕ್ಕ ಮಡಕೆಯ ಹಾಗೆ ಮಣ್ಣು ಮೆತ್ತುವ ಕುಂಬಾರ ಹುಳ ಎಲ್ಲರಿಗೂ ಗೊತ್ತು. ಹಬ್ಬಕ್ಕೆ ಸುಣ್ಣ ಹೊಡೆಯುವಾಗ ಕೆರೆದು ಹಾಕುತ್ತೇವೆ. ಒಡೆದು ನೋಡಿದವರಿಗೆ ಗೊತ್ತಿರುತ್ತದೆ, ಒಳಗೆ ಹಸಿರು ಕೀಡೆಗಳು ಜೋಡಿಸಿಟ್ಟಂತೆ ಇರುತ್ತವೆ. ಸತ್ತಿರುವುದಿಲ್ಲ, ಚುಚ್ಚಿ ಮರಗಟ್ಟಿಸಿರುತ್ತದೆ. ತಾಯಿ ಮೊದಲು ಮೊಟ್ಟೆ ಇಟ್ಟು, ಆಮೇಲೆ ಕೀಡೆ ತುಂಬಿ, ಬಾಯಿ ಮುಚ್ಚಿ ಹೋಗುತ್ತಾಳೆ. ಮರಿ ಆ ಕೀಡೆ ತಿಂದು ಬೆಳೆಯುತ್ತದೆ. ತಾಯಿ ಕುಡಿಯುವುದು ಹೂವಿನ ರಸ, ಮಾಂಸ ಬೇಕಾಗಿರುವುದು ಮರಿಗೆ. ನಮ್ಮ ತೊಗರಿ, ಶೇಂಗಾದ ಮೇಲಿನ ಕೀಡೆಗಳನ್ನೂ ಇವು ಹೊತ್ತೊಯ್ಯುತ್ತವೆ. ಹಾಗಾಗಿ ಗೋಡೆಯಿಂದ ಕೆರೆದು ಹಾಕುವುದು ನಮಗೇ ನಷ್ಟ, ಆ ಮಾತು ಇರಲಿ.

ಈ ಕುಂಬಾರ ಹುಳ, ಮರಕ್ಕೆ ಕಾಗದದಂಥ ಗೂಡು ಕಟ್ಟಿ ಕಚ್ಚುವ ಕಣಜ, ಪುಡಿ ಕಣಜ ಮೂರೂ ಒಂದೇ ಮನೆತನದವು. ಅದರಲ್ಲಿ ಪುಡಿ ಕಣಜದ ಶಾಖೆ ಮಾತ್ರ ಬಾಡೂಟ ಬಿಟ್ಟು ಮಾಲೆ ಹಾಕಿಕೊಂಡವರ ಹಾಗೆ ಬದಲಾಗಿದೆ. ಮರಿಗೂ ಮಾಂಸ ಇಲ್ಲ. ಹೂವಿನ ಪುಡಿ, ಹೂವಿನ ರಸ ಎರಡನ್ನೂ ಕಲಸಿ ರೊಟ್ಟಿಯಂತೆ ಮಾಡಿ ಇಡುತ್ತದೆ. ಜೇನುಗಳೂ ಹಿಂದೊಂದು ಕಾಲದಲ್ಲಿ ಬೇಟೆಯಾಡುವ ಕಣಜಗಳಿಂದಲೇ ಬಂದವಂತೆ. ಆದರೆ ಅದು ಬೇರೆ ಮನೆತನ. ಅಂದರೆ ಮಾಂಸ ಬಿಟ್ಟು ಪುಡಿಗೆ ಬರುವ ಕೆಲಸ ಎರಡು ಕಡೆ ಬೇರೆ ಬೇರೆಯಾಗಿ ನಡೆದಿದೆ.

ಇಲ್ಲಿ ನನಗೊಂದು ಮಾತು ಹೊಳೆಯಿತು. ನಾವು ಕಾಳು ತುಂಬಿಡುವುದಕ್ಕೂ ಕಣಜ ಅಂತೀವಿ, ಈ ಹುಳಕ್ಕೂ ಕಣಜ ಅಂತೀವಿ. ಪುಡಿ ಕೂಡಿಡುವ ಈ ಹುಳಕ್ಕೆ ಎರಡು ಅರ್ಥವೂ ಒಪ್ಪುತ್ತದೆ. ನಮ್ಮ ಹುಡುಗಿಗೆ ಹೇಳಿದೆ, ಅವಳಿಗೂ ಹೌದು ಅನ್ನಿಸಿತು.

ಜಗತ್ತಿನಲ್ಲಿ ಇವುಗಳ ಜಾತಿ 300ಕ್ಕೂ ಹೆಚ್ಚು. ಭೂಮಧ್ಯ ಸಮುದ್ರದ ಸುತ್ತಲ ನಾಡು, ಅಮೆರಿಕದ ಪಶ್ಚಿಮ ಭಾಗ, ಆಸ್ಟ್ರೇಲಿಯಾದಲ್ಲಿ ಇವೆ. ಆದರೆ ದೊಡ್ಡ ತವರು ಆಫ್ರಿಕಾದ ದಕ್ಷಿಣ ತುದಿ. ಸುಮಾರು ಅರ್ಧದಷ್ಟು ಜಾತಿಗಳು ಅಲ್ಲೇ. ಅದೂ ಮಳೆ ಕಡಿಮೆ ಬೀಳುವ ಕಡೆ. ಕರೂ ಅಂತ ಒಂದು ದೊಡ್ಡ ಬಯಲುಸೀಮೆ ಇದೆ ಅಲ್ಲಿ. ಬಹಳ ಕಡೆ ವರ್ಷಕ್ಕೆ 300 ಮಿ.ಮೀ. ಮಳೆಯೂ ಇಲ್ಲ. ನಮ್ಮ ಚಳ್ಳಕೆರೆಯೇ ವಾಸಿ. ಅಲ್ಲಿನ ಜನರ ಮುಖ್ಯ ಕಸುಬು ಕುರಿ. ಇದನ್ನು ಕೇಳಿದ ಮೇಲೆ ಆ ಊರು ದೂರದ್ದು ಅನ್ನಿಸಲಿಲ್ಲ.

ಗೂಡು ಕಟ್ಟುವ ಬಗೆ

ಅಲ್ಲಿನ ಪುಡಿ ಕಣಜಗಳಲ್ಲಿ ಸಿರೇಮಿಯಸ್ ಅಂತ ಒಂದು ಗುಂಪು. ಇವಕ್ಕೆ ಬೇಕಾದದ್ದು ಮೂರೇ: ಗಟ್ಟಿಯಾದ ಬೋಳು ಜೇಡಿ ನೆಲ, ಹತ್ತಿರದಲ್ಲೇ ನೀರು, ಮತ್ತೆ ಅದಕ್ಕೆ ಒಗ್ಗುವ ಹೂವು. ಮೂರರಲ್ಲಿ ಒಂದು ಇಲ್ಲದಿದ್ದರೂ ಸಂಸಾರ ನಡೆಯಲ್ಲ.

ಹೆಣ್ಣು ಕಣಜ ಹೋಗಿ ಹೊಟ್ಟೆ ತುಂಬ ನೀರು ತರುತ್ತದೆ. ಕೆಲವು ಜಾತಿಯವು ಒದ್ದೆ ಮಣ್ಣಿನ ಮೇಲೆ ಕೂತು ನೀರು ಹೀರುತ್ತವೆ, ಕೆಲವು ನೇರವಾಗಿ ನೀರಿನ ಮೇಲೇ ಇಳಿದು ನಿಲ್ಲುತ್ತವೆ. ಆ ನೀರನ್ನು ಗಟ್ಟಿ ನೆಲದ ಮೇಲೆ ಕಕ್ಕಿ, ಮೆತ್ತಗಾದ ಮಣ್ಣನ್ನು ಕಚ್ಚಿ ಸಾಸಿವೆಯಂಥ ಉಂಡೆ ಮಾಡುತ್ತದೆ. ಮೊದಲ ಉಂಡೆಗಳನ್ನು ತೂತಿನ ಸುತ್ತ ಸಾಲಾಗಿ ಮೆತ್ತಿ ಸಣ್ಣ ಕೊಳವೆ ಎಬ್ಬಿಸುತ್ತದೆ. ನೆಲದಿಂದ ಎದ್ದ ಹೊಗೆಗೂಡಿನ ಹಾಗೆ ಕಾಣುತ್ತದೆ, ಕೆಲವು ಬಗ್ಗಿರುತ್ತವೆ. ಕೊಳವೆ ಮುಗಿದ ಮೇಲೆ ಒಳಗಿನಿಂದ ತೆಗೆದ ಉಂಡೆಗಳನ್ನು ದೂರ ಒಯ್ದು ಬಿಸಾಕುತ್ತದೆ. ಬಾವಿ ತೋಡಿದವರಿಗೆ ಇದು ಗೊತ್ತು: ಮೊದಲ ಮಣ್ಣು ಕಟ್ಟೆಗೆ, ಮಿಕ್ಕಿದ್ದು ಹೊರಗೆ. ಕೆಳಗೆ ಒಂದೊಂದು ಮರಿಗೆ ಒಂದೊಂದು ಕೋಣೆ. ಮೊಟ್ಟೆ ಇಟ್ಟು, ಪುಡಿ ರೊಟ್ಟಿ ಇಟ್ಟು, ಬಾಗಿಲು ಮುಚ್ಚುತ್ತದೆ. ಹೆಚ್ಚಿನವು ವರ್ಷಕ್ಕೆ ಒಂದೇ ಪೀಳಿಗೆ. ಅಂದರೆ ಮುಂದಿನ ವರ್ಷ ಹಾರಬೇಕಾದ ಎಲ್ಲಾ ಕಣಜಗಳೂ ಈ ವರ್ಷ ಆ ನೆಲದ ಒಳಗೇ ಮಲಗಿರುತ್ತವೆ. ಈ ಮಾತು ಕೇಳಿದಾಗ ನನಗೆ ಸೋಮವಾರದ ಜೆಸಿಬಿ ನೆನಪಾಯಿತು. ಮಾತಾಡಲಿಲ್ಲ.

ಸೆಲೊನೈಟಿಸ್ ಅಂತ ಇನ್ನೊಂದು ಗುಂಪು ನೆಲ ತೋಡುವುದಿಲ್ಲ. ಕಲ್ಲಿಗೆ, ಗಿಡದ ಕಡ್ಡಿಗೆ ಮಣ್ಣಿನ ಕೋಣೆ ಮೆತ್ತುತ್ತದೆ. ಮುಟ್ಟಿದರೆ ಮೈ ಸುತ್ತಿಕೊಂಡು ಉಂಡೆಯಾಗುತ್ತದೆ. ಇದರ ಕೆಲವು ಜಾತಿಗಳಿಗೆ ಹಣೆಯಲ್ಲಿ ವಿಶೇಷವಾದ ಕೂದಲು ಇವೆ. ಹೂವಿನ ಒಳಗೆ ಮುಖ ಹಾಕಿದಾಗ ಮೇಲುಗಡೆ ಇರುವ ಪುಡಿ ಆ ಕೂದಲಿಗೆ ಹತ್ತುತ್ತದೆ, ಅದನ್ನು ಮುಂಗಾಲಲ್ಲಿ ಬಾಚಿ ಬಾಯಿಗೆ ಹಾಕಿಕೊಳ್ಳುತ್ತದೆ.

ಮೂರನೇ ಗುಂಪು ಕ್ವಾರ್ಟೀನಿಯಾ. ನನಗೆ ಬಹಳ ಹಿಡಿಸಿದ್ದು ಇದೇ. ಇವು ತೀರಾ ಚಿಕ್ಕವು, ಕೆಲವು ನಮ್ಮ ನುಸಿ ಜೇನಿಗಿಂತ ದೊಡ್ಡವಲ್ಲ. ಮರಳಿನಲ್ಲಿ ಗೂಡು ತೋಡುತ್ತವೆ. ಮರಳಿನಲ್ಲಿ ತೂತು ನಿಲ್ಲುತ್ತದೆಯೇ? ಜರಿದು ಮುಚ್ಚಿಹೋಗುತ್ತದೆ. ಅದಕ್ಕೆ ಈ ತಾಯಿ ತಾನೇ ರೇಷ್ಮೆಯಂಥ ನೂಲು ತೆಗೆದು ಮರಳಿನ ಕಣಗಳನ್ನು ಒಂದಕ್ಕೊಂದು ಹೆಣೆದು ಗೋಡೆ ಮಾಡುತ್ತಾಳೆ. ನಮ್ಮ ರೇಷ್ಮೆ ಹುಳದಲ್ಲಿ ನೂಲು ತೆಗೆಯೋದು ಮರಿ ಹುಳ, ಚಿಟ್ಟೆ ಅಲ್ಲ. ಇಲ್ಲಿ ರೆಕ್ಕೆ ಬಂದ ತಾಯಿಯೇ ನೂಲುತ್ತಾಳೆ. ಸಮುದ್ರದ ಕಡೆಯ ಮರಳುಗಾಡಿನಲ್ಲಿ ಗಾಳಿಗೆ ಮರಳು ಒಂದು ಕಡೆ ನಿಲ್ಲಲ್ಲ. ಅಲ್ಲಿ ಕೆಲವು ಜಾತಿಗಳು ಸತ್ತ ಬಸವನಹುಳದ ಖಾಲಿ ಚಿಪ್ಪು ಹುಡುಕುತ್ತವೆ. ಗಾಳಿಯಲ್ಲಿ ಬಂದ ಮರಳು ಚಿಪ್ಪಿನ ಒಳಗೆ ತುಂಬಿಕೊಂಡಿರುತ್ತದೆ, ಆ ಮರಳಿನಲ್ಲೇ ಗೂಡು. ಹಾರಿಹೋಗದ ಮರಳು ಬೇಕಿತ್ತು, ಸಿಕ್ಕಿತು.

ಹೂವಿನ ವಿಷಯದಲ್ಲಿ ಇವು ಬಹಳ ಹಟದವು. ಎಲ್ಲಾ ಹೂವಿಗೂ ಹೋಗಲ್ಲ. ಅಲ್ಲಿ ನಮ್ಮ ಗೋಣಿಸೊಪ್ಪಿನ ಹಾಗೆ ದಪ್ಪ ಎಲೆಯಲ್ಲಿ ನೀರು ಹಿಡಿದಿಟ್ಟುಕೊಳ್ಳುವ ಗಿಡಗಳ ದೊಡ್ಡ ಸಂತತಿಯೇ ಇದೆ. ಮಳೆ ಬಿದ್ದ ವರ್ಷ ಬಯಲೆಲ್ಲ ಹೂವಾಗುತ್ತದೆ. ಬಹಳಷ್ಟು ಪುಡಿ ಕಣಜಗಳು ಆ ಹೂವುಗಳಿಗೇ ಅಂಟಿಕೊಂಡಿವೆ. ಆ ಗಿಡ ಹೋದರೆ ಇನ್ನೊಂದಕ್ಕೆ ಹೋಗಿ ಬದುಕಿಕೊಳ್ಳುತ್ತವೆ ಅನ್ನುವಂತಿಲ್ಲ.

ಹೆಸರಿಡುವುದು ಅಂದರೆ ತೊಟ್ಟಿಲ ಶಾಸ್ತ್ರವಲ್ಲ

ಇಷ್ಟೆಲ್ಲ ಗೊತ್ತಾಗಿರುವುದು ಹೆಚ್ಚಾಗಿ ಗಂಡ ಹೆಂಡತಿ ಇಬ್ಬರಿಂದ. ಫ್ರೆಡ್ರಿಕ್ ಗೆಸ್ ಮತ್ತು ಸಾರಾ ಗೆಸ್. ದಕ್ಷಿಣ ಆಫ್ರಿಕಾದ ಗ್ರಹಾಮ್ಸ್‌ಟೌನ್ ಎಂಬ ಊರಿನ ಆಲ್ಬನಿ ಮ್ಯೂಸಿಯಂನವರು. ಆ ಊರಿಗೆ 2018ರಿಂದ ಮಖಾಂಡ ಅಂತ ಹೆಸರು. ಇವರಿಬ್ಬರೂ ದಶಕಗಳ ಕಾಲ ಬಯಲಿನಲ್ಲಿ ತಿರುಗಿ, ಯಾವ ಕಣಜ ಯಾವ ಹೂವಿಗೆ ಹೋಗುತ್ತದೆ, ಯಾವ ಮಣ್ಣಿನಲ್ಲಿ ಗೂಡು ಮಾಡುತ್ತದೆ ಅಂತ ಬರೆದಿಟ್ಟರು. ಸಾರಾ ಅವರು 1996ರಲ್ಲಿ ಪುಡಿ ಕಣಜಗಳ ಮೇಲೆಯೇ ಒಂದು ಪುಸ್ತಕ ತಂದರು. ಫ್ರೆಡ್ರಿಕ್ ಅವರು 2007ರಿಂದ ಮುಂದಕ್ಕೆ ಆ ಚಿಕ್ಕ ಕ್ವಾರ್ಟೀನಿಯಾಗಳಲ್ಲಿ ಹೊಸ ಜಾತಿಗಳನ್ನು ಕಂತು ಕಂತಾಗಿ ಪ್ರಕಟಿಸಿದರು. ಅವುಗಳಲ್ಲಿ ಒಂದಕ್ಕೆ ಕೊಂಕಿಕೋಲ ಅಂತ ಹೆಸರು. ಹಾಗಂದರೆ ಚಿಪ್ಪಿನಲ್ಲಿ ಮನೆ ಮಾಡಿದ್ದು ಅಂತ ಅರ್ಥ. ನಾನು ಹೇಳಿದೆನಲ್ಲ, ಬಸವನಹುಳದ ಚಿಪ್ಪು, ಅದೇ.

ಹೊಸ ಜಾತಿ ಅಂದರೆ ಈಗ ಹುಟ್ಟಿದ್ದು ಅಂತ ನಾನು ತಿಳಿದಿದ್ದೆ. ಹಾಗಲ್ಲ. ಅದು ಎಷ್ಟೋ ಲಕ್ಷ ವರ್ಷದಿಂದ ಅಲ್ಲೇ ಇದ್ದದ್ದು, ಕುರಿ ಕಾಯುವವರು ದಿನಾ ನೋಡಿದ್ದೂ ಇರಬಹುದು. ವಿಜ್ಞಾನದ ಲೆಕ್ಕದ ಪುಸ್ತಕಕ್ಕೆ ಈಗ ಏರಿತು, ಅಷ್ಟೆ. ನಮ್ಮಲ್ಲಿ ತಾತನ ಕಾಲದಿಂದ ಉಳುತ್ತಿದ್ದ ಜಮೀನು ಮೊಮ್ಮಗನ ಕಾಲಕ್ಕೆ ಖಾತೆ ಆಗುತ್ತದಲ್ಲ, ಹಾಗೆ.

ಖಾತೆ ಮಾಡಿಸೋದು ಸುಲಭ ಅಲ್ಲ ಅಂತ ನಮಗೆ ಗೊತ್ತು. ಹುಳದ ಖಾತೆಯೂ ಹಾಗೇ. ಮೊದಲು, ಈಗಾಗಲೇ ಹೆಸರಿರುವ ಹತ್ತಿರದ ಜಾತಿಗಳೆಲ್ಲದರ ಜೊತೆ ಇಟ್ಟು ನೋಡಬೇಕು. ಪುಡಿ ಕಣಜ ಹೌದೋ ಅಲ್ಲವೋ ಅನ್ನೋದಕ್ಕೆ ಮೀಸೆ ನೋಡುತ್ತಾರೆ. ಹೆಚ್ಚಿನವಕ್ಕೆ ಮೀಸೆಯ ತುದಿ ಒನಕೆಯ ಹಾಗೆ ದಪ್ಪ. ಆಮೇಲೆ ಬಣ್ಣ ನೋಡಿ ನಂಬುವಂತಿಲ್ಲ, ಒಂದೇ ಜಾತಿಯಲ್ಲಿ ಒಂದಕ್ಕೆ ಹಳದಿ ಪಟ್ಟೆ ಅಗಲ, ಒಂದಕ್ಕೆ ಸಣ್ಣ. ಕ್ವಾರ್ಟೀನಿಯಾದಲ್ಲಿ ಗೆಸ್ ಅವರು ರೆಕ್ಕೆಯ ಗೆರೆಗಳನ್ನು ನೋಡಿದರು. ರೆಕ್ಕೆಯಲ್ಲಿ ಗೆರೆಗಳು ಸೇರಿ ಮನೆ ಮನೆಯಾಗಿರುತ್ತವೆ. ಒಂದು ಮನೆಯ ಗೆರೆ ಪೂರ್ತಿ ಮುಚ್ಚಿದೆಯೋ, ಅರ್ಧಕ್ಕೆ ಮಾಸಿದೆಯೋ ಅನ್ನುವುದರ ಮೇಲೆ ಗುಂಪು ವಿಂಗಡಿಸಿದರು. ನಾಲ್ಕೈದು ಮಿ.ಮೀ. ಹುಳದ ರೆಕ್ಕೆಯ ಒಳಗಿನ ಒಂದು ಗೆರೆ! ಅದರ ಜೊತೆಗೆ ಗಂಡಿನ ಗುಪ್ತಾಂಗದ ಆಕಾರ, ಮೈಮೇಲಿನ ಗುಳಿ, ನಾಲಿಗೆಯ ಉದ್ದ.

ಎಲ್ಲಾ ನೋಡಿ ಹೊಸದು ಅಂತ ಖಾತ್ರಿ ಆದಮೇಲೆ ಒಂದೇ ಒಂದು ಹುಳವನ್ನು ಆರಿಸಿ ‘ಇದೇ ಮೂಲ’ ಅಂತ ಗುರುತು ಹಾಕುತ್ತಾರೆ. ಹೋಲೋಟೈಪ್ ಅಂತ ಅದಕ್ಕೆ ಹೆಸರು. ಹೆಸರು ಆ ಒಂದು ಹುಳಕ್ಕೆ ಗಂಟು ಬಿದ್ದಿರುತ್ತದೆ. ನಮ್ಮ ಸರ್ವೆಯ ಬಾಂದು ಕಲ್ಲು ಇದ್ದ ಹಾಗೆ. ಮುಂದೆ ನೂರು ವರ್ಷದ ಮೇಲೆ ಜಗಳ ಬಂದರೂ ಆ ಕಲ್ಲಿನಿಂದಲೇ ಅಳೆಯಬೇಕು. ಅದರ ಜೊತೆಗಿನ ಬೇರೆ ಹುಳಗಳು ಪ್ಯಾರಾಟೈಪ್, ಸಾಕ್ಷಿಗಳಿದ್ದ ಹಾಗೆ. ಇವನ್ನು ಮನೆಯಲ್ಲಿ ಇಟ್ಟುಕೊಳ್ಳುವುದಲ್ಲ, ಯಾರು ಬೇಕಾದರೂ ಹೋಗಿ ನೋಡುವಂಥ ಮ್ಯೂಸಿಯಂಗೆ ಕೊಡಬೇಕು. ನಮ್ಮ ದೇಶದಲ್ಲಿ 2002ರ ಜೈವಿಕ ವೈವಿಧ್ಯ ಕಾಯ್ದೆಯಲ್ಲೇ ಇದು ಬಂದಿದೆ: ಹೊಸ ಜಾತಿ ಕಂಡರೆ ಸರ್ಕಾರ ಗುರುತಿಸಿದ ಸಂಗ್ರಹಾಲಯಕ್ಕೆ ತಿಳಿಸಿ ಮಾದರಿ ಒಪ್ಪಿಸಬೇಕು. ಕಲ್ಕತ್ತೆಯ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಅಂಥದ್ದರಲ್ಲಿ ಒಂದು.

ಹೆಸರು ಎರಡು ಪದದ್ದು. ಮೊದಲ ಪದ ಮನೆತನ, ಎರಡನೆಯದು ಅದರದ್ದೇ ಹೆಸರು. ಈ ಪದ್ಧತಿ ಪ್ರಾಣಿಗಳಿಗೆ 1758ರ ಲಿನೇಯಸ್ ಎಂಬುವರ ಪುಸ್ತಕದಿಂದ ಲೆಕ್ಕಕ್ಕೆ ಬರುತ್ತದೆ. ಹೆಸರಿಟ್ಟು, ಬೇರೆ ಜಾತಿಗಿಂತ ಹೇಗೆ ಬೇರೆ ಅಂತ ಬರೆದು, ಮೂಲ ಹುಳ ಎಲ್ಲಿದೆ ಅಂತ ಹೇಳಿ ಅಚ್ಚು ಮಾಡಿಸಿದರೆ ಮಾತ್ರ ಹೆಸರು ಊರ್ಜಿತ. 2012ರಿಂದ ಕಂಪ್ಯೂಟರಿನಲ್ಲಿ ಪ್ರಕಟಿಸಿದ್ದೂ ನಡೆಯುತ್ತದೆ, ಆದರೆ ರಿಜಿಸ್ಟರ್ ಮಾಡಿಸಿರಬೇಕು. ಸುಮ್ಮನೆ ಪೇಪರಿನವರಿಗೆ ಫೋಟೋ ಕೊಟ್ಟರೆ ಆಗಲ್ಲ.

ಕಾಲ ಎಷ್ಟು ಹಿಡಿಯುತ್ತದೆ? 2012ರಲ್ಲೇ ಬಂದ ಒಂದು ಅಧ್ಯಯನದ ಪ್ರಕಾರ, ಒಂದು ಹೊಸ ಜೀವಿಯನ್ನು ಮೊದಲ ಬಾರಿ ಹಿಡಿದು ಮ್ಯೂಸಿಯಂನಲ್ಲಿ ಇಟ್ಟ ದಿನದಿಂದ ಅದಕ್ಕೆ ಹೆಸರು ಬರುವವರೆಗೆ ಸರಾಸರಿ 21 ವರ್ಷ. ಪೆಟ್ಟಿಗೆಯಲ್ಲಿ ಸೂಜಿಗೆ ಚುಚ್ಚಿಕೊಂಡು 21 ವರ್ಷ! ನೋಡುವ ಕಣ್ಣಿರುವ ಜನ ಕಡಿಮೆ, ಹುಳ ಜಾಸ್ತಿ. ಅಷ್ಟರಲ್ಲಿ ಅದನ್ನು ಹಿಡಿದ ನೆಲ ಏನಾಗಿರುತ್ತದೋ.

ಕುರಿ, ನೇಗಿಲು, ಹುಳ

ಗೆಸ್ ದಂಪತಿಗಳು ಹೆಸರಿಟ್ಟು ಸುಮ್ಮನಾಗಲಿಲ್ಲ. ಒಣ ಪ್ರದೇಶದಲ್ಲಿ ಭೂಮಿಯ ಬಳಕೆ ಹೆಚ್ಚಾದಂತೆ ಕಣಜ ಮತ್ತು ಜೇನುಗಳ ಬಗೆ ಹೇಗೆ ಕಡಿಮೆಯಾಗುತ್ತದೆ ಅಂತ 1993ರಲ್ಲಿ ಬರೆದರು. ಅತಿಯಾಗಿ ಮೇಯಿಸಿದರೆ ಹೂವಿನ ಗಿಡ ಹೋಗುತ್ತದೆ, ದನ ಕುರಿ ತುಳಿದರೆ ನೆಲದ ಗೂಡು ಒಡೆಯುತ್ತದೆ, ಉತ್ತರೆ ಎರಡೂ ಹೋಗುತ್ತದೆ, ನೀರಿನ ದಂಡೆ ಬದಲಾದರೆ ಮಣ್ಣು ನೆನೆಸಲು ನೀರಿಲ್ಲ.

ಇಲ್ಲಿ ನನಗೂ ನಮ್ಮ ಹುಡುಗಿಗೂ ವಾದ ಆಯಿತು. ಕುರಿ ಮೇಯಿಸಬೇಡ, ಉಳಬೇಡ ಅಂದರೆ ರೈತ ಏನು ತಿನ್ನಬೇಕು? ಕರೂ ಸೀಮೆಯ ಕುರಿಯವನೂ ಇದನ್ನೇ ಕೇಳುತ್ತಾನೆ. ಅವಳು ಹೇಳಿದ್ದು ಇಷ್ಟು: “ಎಲ್ಲಾ ಬಿಡು ಅಂತ ಯಾರೂ ಹೇಳಲ್ಲ ಮಾವ. ಯಾವ ತುಂಡು ಯಾರಿಗೆ ಬೇಕು ಅಂತ ನೋಡು. ನಿನಗೆ ಬೇಡದ ನೆಲವೇ ಅವಕ್ಕೆ ಬೇಕಾದ ನೆಲ.” ನನ್ನ ಅಭಿಪ್ರಾಯ ಈಗಲೂ ಸ್ವಲ್ಪ ಬೇರೆ. ಕುರಿ ಕಾಲಿನಿಂದಲೇ ಗೋಕಟ್ಟೆ ದಂಡೆ ಬೋಳಾಗಿ ಉಳಿದಿರುವುದು. ಕುರಿ ಪೂರ್ತಿ ನಿಂತರೆ ಅಲ್ಲಿ ಜಾಲಿ ಎದ್ದು ಬೋಳು ನೆಲವೇ ಇರಲ್ಲ. ತುಳಿತ ಒಂದು ಹದದಲ್ಲಿ ಇರಬೇಕು. ಇದು ನಾನು ಕಂಡದ್ದು, ಯಾವ ಪುಸ್ತಕದಲ್ಲೂ ಓದಿದ್ದಲ್ಲ.

ಈಗ ನಮ್ಮ ಕಡೆ ಗೋಕಟ್ಟೆಗಳಿಗೆ ಸುತ್ತ ಕಲ್ಲು ಕಟ್ಟುತ್ತಾರೆ, ಕೃಷಿ ಹೊಂಡಕ್ಕೆ ಪ್ಲಾಸ್ಟಿಕ್ ಹಾಸುತ್ತಾರೆ. ನೀರು ನಿಲ್ಲುತ್ತದೆ, ಒಳ್ಳೆಯದೇ. ಆದರೆ ಹುಳ ಕೂತು ಒದ್ದೆ ಮಣ್ಣು ಎತ್ತುವ ದಂಡೆ ಎಲ್ಲಿದೆ? ಕುಂಬಾರ ಹುಳ ಗೂಡಿಗೆ ಮಣ್ಣು ತರುವುದು ಅಲ್ಲಿಂದಲೇ. ಒಂದು ಕಡೆ ಇಳಿಜಾರು ಮಣ್ಣಿನ ದಂಡೆ ಬಿಡಬಹುದಲ್ಲ ಅಂತ ಹೇಳಿ ನೋಡಿದೆ. ಎಸ್ಟಿಮೇಟಿನಲ್ಲಿ ಇಲ್ಲ ಅಂದರು.

ನಾನು ಮಾಡಿದ್ದು

ಭಾನುವಾರ ರಾತ್ರಿ ಜೆಸಿಬಿಯವನಿಗೆ ಫೋನ್ ಮಾಡಿದೆ. ಮುಂಗಡ ವಾಪಸ್ ಕೊಡಲ್ಲ ಅಂದ. ನ್ಯಾಯವೇ, ಅವನೂ ಬೇರೆ ಕೆಲಸ ಬಿಟ್ಟಿದ್ದ. ಮನೆಯಲ್ಲಿ ಹೆಂಡತಿ, “ಹುಳ ಬೇಕೋ ಹೊಲ ಬೇಕೋ ನೋಡ್ಕೊಳ್ಳಿ” ಅಂತ ಒಂದೇ ಮಾತು ಹೇಳಿದಳು. ಅವಳು ಹೇಳಿದ್ದರಲ್ಲೂ ತಪ್ಪಿಲ್ಲ. ಆ ವರ್ಷ ಶೇಂಗಾ ಬಿತ್ತಿದ ಬೀಜವೂ ವಾಪಸ್ ಬಂದಿರಲಿಲ್ಲ.

ಕೊನೆಗೆ ಮಾಡಿದ್ದು ಅರ್ಧಂಬರ್ಧ ಕೆಲಸ. ನೀರಿನ ಕಡೆಯ ನಾಲ್ಕು ಗುಂಟೆ, ತೂತುಗಳಿದ್ದ ದಂಡೆ ಸೇರಿಸಿ, ಹಾಗೇ ಬಿಟ್ಟೆ. ಮೇಲಿನ ಆರು ಗುಂಟೆಗೆ ಹೂಳು ಹೊಡೆಸಿದೆ. ಅಲ್ಲಿಯೂ ಏಳೆಂಟು ತೂತು ಇದ್ದವು, ಮುಚ್ಚಿಹೋದವು. 2024ರಲ್ಲಿ ಆ ಆರು ಗುಂಟೆಗೆ ಹುರುಳಿ ಚೆಲ್ಲಿದೆ. ಬಂದದ್ದು ಒಂದು ಸಣ್ಣ ಚೀಲ. ಜೆಸಿಬಿ ಖರ್ಚು ಹುಟ್ಟಲು ಇನ್ನೂ ನಾಲ್ಕು ವರ್ಷ ಬೇಕು. ಆ ನವೆಂಬರಿನಲ್ಲಿ ದಂಡೆಯ ತೂತು ಎಣಿಸಿದೆ, ಓಡಾಟ ಇದ್ದವು 47. ಹಿಂದಿನ ವರ್ಷಕ್ಕಿಂತ ಕಮ್ಮಿ. ಆದರೆ ಹಿಂದಿನ ವರ್ಷ ನಾನು ಎಣಿಸಿದ್ದು ಕಣ್ಣಳತೆಯಲ್ಲಿ, ಹಾಗಾಗಿ ಕಡಿಮೆ ಆಯಿತು ಅಂತ ಗಟ್ಟಿಯಾಗಿ ಹೇಳಲಾರೆ. ಈಗ ಪ್ರತಿ ತೂತಿನ ಪಕ್ಕ ಸಣ್ಣ ಕಲ್ಲಿಟ್ಟು ಎಣಿಸುತ್ತೇನೆ. ಈ ನೀಲಿ ಪಟ್ಟೆ ಜೇನು ಬದನೆ, ಟೊಮೇಟೊ ಹೂವನ್ನು ಹಿಡಿದುಕೊಂಡು ರೆಕ್ಕೆಯ ಬಲದಲ್ಲಿ ನಡುಗಿಸಿ ಪುಡಿ ಉದುರಿಸುತ್ತದೆ. ಕಾಯಿ ಚೆನ್ನಾಗಿ ಕಚ್ಚಲು ಅದು ಬೇಕು. ನಮ್ಮ ಹಿತ್ತಲಿನ ಬದನೆಗೆ ಬರುವುದನ್ನು ಹೆಂಡತಿಗೆ ತೋರಿಸಿದೆ. ಅವಳು ನೋಡಿದಳು, ಏನೂ ಹೇಳಲಿಲ್ಲ.

ಹುಳ ಹಿಡಿಯುವ ಆಸೆ ಇರುವವರಿಗೆ ಒಂದು ಮಾತು, ನನ್ನ ತಪ್ಪು ಮಾಡಬೇಡಿ. ಸುಣ್ಣದ ಡಬ್ಬಿ ಬೇಡ. ಒಣಗಿದ ಸಣ್ಣ ಬಾಟಲಿಯಲ್ಲಿ ಒಂದನ್ನೇ ಹಾಕಿ, ಒಂದು ರಾತ್ರಿ ಫ್ರಿಜ್ಜಿನ ಐಸ್ ಇಡುವ ಕಡೆ ಇಟ್ಟರೆ ಸಾಯುತ್ತದೆ, ಮುರಿಯಲ್ಲ. ಗೂಡಿನ ಹತ್ತಿರ ಹಿಡಿಯಬೇಡಿ, ಹೂವಿನ ಮೇಲೆ ಹಿಡಿಯಿರಿ, ಯಾವ ಹೂವು ಅಂತ ತಿಳಿಯುತ್ತದೆ. ಒಂದು ಚೀಟಿಯಲ್ಲಿ ಊರು, ತಾಲ್ಲೂಕು, ದಿನಾಂಕ, ಹೂವು, ಹಿಡಿದವರ ಹೆಸರು ಪೆನ್ಸಿಲ್ಲಿನಲ್ಲಿ ಬರೆದು ಜೊತೆಗೇ ಇಡಿ. “ದಿನಾಂಕ ಇಲ್ಲದ ಹುಳ ಪಹಣಿ ಇಲ್ಲದ ಜಮೀನು, ಮಾವ” ಅಂತ ನನ್ನನ್ನು ಬೈದಿದ್ದಾಳೆ. ಹತ್ತಿರದ ಕೃಷಿ ಕಾಲೇಜಿನ ಕೀಟಶಾಸ್ತ್ರ ವಿಭಾಗಕ್ಕೆ ಕೊಟ್ಟರೆ ನೋಡಿ ಹೇಳುತ್ತಾರೆ. ಬೆಂಗಳೂರು ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲೂ ದೊಡ್ಡ ಸಂಗ್ರಹ ಇದೆ.

ಅವಳು ಹೋಗುವಾಗ ಬದನೆ ಹೂವಿನ ಮೇಲೆ ಸರಿಯಾಗಿ ಹಿಡಿದ ಮೂರು ನೀಲಿ ಪಟ್ಟೆ ಜೇನನ್ನು ಸೂಜಿಗೆ ಚುಚ್ಚಿ ಒಯ್ದಳು. ಚೀಟಿಯಲ್ಲಿ ನಮ್ಮ ಊರಿನ ಹೆಸರು, ಹಿಡಿದವರು ಅನ್ನುವ ಕಡೆ ನನ್ನ ಹೆಸರು ಬರೆದಳು. ಹಳೆಯ ಹುಳವೇ ಆದರೂ ನಮ್ಮ ಊರಿನಿಂದ ಅಲ್ಲಿಗೆ ಹೋಗಿದ್ದು ಇದೇ ಮೊದಲಂತೆ.